ಸಿರಿಯ ಮೊಮ್ಮಕ್ಕಳು

ಪವಾಡದ ಹುಡುಗಿಯ ಕಥೆಗೆ ಎರಡನೆಯ ಭಾಗ ಬಂದರೆ ಅಸಮಾಧಾನ ಸಹಜ. ಜಪಾನಿನ ‘ಕಾರ್ಡ್‌ಕ್ಯಾಪ್ಟರ್ ಸಕುರಾ’ ಧಾರಾವಾಹಿ 1998ರಲ್ಲಿ ಬಂತು. ಅದರಲ್ಲಿ ಹುಡುಗಿ ಗೆದ್ದ ಮಂತ್ರದ ಕಾರ್ಡುಗಳೆಲ್ಲ 2018ರ ಮುಂದುವರಿಕೆಯಲ್ಲಿ ಬರಿದಾಗುತ್ತವೆ. ನಮ್ಮ ತುಳುನಾಡಿನ ಸಿರಿಯ ಕಥೆಗೂ ಇದೇ ಆಕ್ಷೇಪ ಹೇಳಬಹುದು.

ಸಿರಿ ದೊಡ್ಡವಳು. ತಪ್ಪಿದ ಗಂಡ ಕಾಂತು ಪೂಂಜನಿಗೆ ತಾನೇ ‘ಬರ’ ಹೇಳಿ ಹೊರಟವಳು; ಇನ್ನೊಂದು ಮದುವೆಯನ್ನೂ ಆದವಳು. ಅವಳ ಮಗಳು ಸೊನ್ನೆಯ ಅವಳಿಗಳಾದ ಅಬ್ಬಗ, ದಾರಗರೋ ಚೆನ್ನೆಮಣೆ ಆಡುತ್ತ ಜಗಳವಾಡಿ ಸತ್ತವರು. ಅಜ್ಜಿಯ ಎದುರು ಇದೆಷ್ಟರದು ಎನಿಸುತ್ತದೆ.

ಆದರೆ ಆ ಜಗಳ ಆಟದ್ದಲ್ಲ. ಮಕ್ಕಳಾಗಲೆಂದು ಹೊತ್ತ ಹರಕೆಯನ್ನು ಹಿರಿಯರು ಮರೆತರು. ಬೆರ್ಮೆರ ಬಾಕಿ ಮಕ್ಕಳ ತಲೆಗೆ ಬಂತು. ಅಬ್ಬಗ ಮಣೆಯಿಂದ ಹೊಡೆದಳು. ಒಡಹುಟ್ಟಿದವಳು ಸತ್ತಳೆಂದು ತಾನೂ ಬಾವಿಗೆ ಹಾರಿದಳು. ಸಿರಿಗೆ ಬೈಯಲು ಗಂಡನಾದರೂ ಇದ್ದ. ಈ ಮಕ್ಕಳಿಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಪಾಠ 1998ರಲ್ಲಿ ಅಚ್ಚಾಯಿತು. ನಂದಿಕೂರಿನವರಿಗೆ ದೂರವಲ್ಲದ ಕವತ್ತಾರಿನ ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದ ಹೆಂಗಸರ ಮೈಮೇಲೆ ಅಬ್ಬಗ, ದಾರಗರೂ ಬರುತ್ತಾರೆ. ಗೆದ್ದು ಹೊರಟವಳೊಬ್ಬಳ ಕಥೆಯೇ ಸಾಕಾಗಿದ್ದರೆ ನಮ್ಮ ಹೆಂಗಸರು ಈ ಮಕ್ಕಳನ್ನು ಕರೆಯುತ್ತಿದ್ದರೇ?