ಒಡಿಸ್ಸೆ: ಮೂರು ಚುಕ್ಕೆ, ಒಂದು ಗೆರೆ

ಮನೆಯ ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಅಮೆರಿಕದ ಮ್ಯಾಗ್ನವಾಕ್ಸ್ ಕಂಪನಿಯ ಒಡಿಸ್ಸೆ (1972). ಇದರ ಮೂಲ ಕಲ್ಪನೆ ರಾಲ್ಫ್ ಬೇರ್ ಅವರದು. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟುಬಂದ ಈ ಎಂಜಿನಿಯರ್ ನ್ಯೂ ಹ್ಯಾಂಪ್‌ಶೈರ್‌ನ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ರಕ್ಷಣಾ ಸಾಮಗ್ರಿ ಕಂಪನಿಯಲ್ಲಿದ್ದರು. 1966ರಲ್ಲಿ ಅವರು ನಾಲ್ಕು ಪುಟಗಳ ಪ್ರಸ್ತಾವ ಬರೆದರು. ಬಿಲ್ ಹ್ಯಾರಿಸನ್ ಮತ್ತು ಬಿಲ್ ರಷ್ ಅವರೊಂದಿಗೆ ಸೇರಿ 1968ರ ಹೊತ್ತಿಗೆ, ಮುಂದೆ ಒಡಿಸ್ಸೆಗೆ ಆಧಾರವಾದ 'ಬ್ರೌನ್ ಬಾಕ್ಸ್' ಎಂಬ ಮಾದರಿಯನ್ನು ಸಿದ್ಧಪಡಿಸಿದರು. ಆಟಗಾರರ ಎರಡು ಚುಕ್ಕೆಗಳ ಜೊತೆಗೆ ಯಂತ್ರವೇ ಓಡಿಸುವ ಮೂರನೆಯ ಚುಕ್ಕೆಯೂ ಇರಲಿ ಎಂದು ಸೂಚಿಸಿದವರು ರಷ್.

ಒಡಿಸ್ಸೆಯಲ್ಲಿ ಮೈಕ್ರೊಪ್ರೊಸೆಸರ್ ಇಲ್ಲ, ಮೆಮೊರಿ ಇಲ್ಲ, ಸದ್ದೂ ಇಲ್ಲ. ತೆರೆಯ ಮೇಲೆ ಕಾಣುವುದು ಮೂರು ಬಿಳಿ ಚುಕ್ಕೆ, ಒಂದು ಉದ್ದಗೆರೆ ಮಾತ್ರ. ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಡುಗಳಲ್ಲೂ ಪ್ರೋಗ್ರಾಂ ಇರಲಿಲ್ಲ; ಯಂತ್ರದೊಳಗಿನ ಸರ್ಕ್ಯೂಟುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸುವುದಷ್ಟೇ ಅವುಗಳ ಕೆಲಸ.

ಈ ಕೊರತೆಯನ್ನು ಮ್ಯಾಗ್ನವಾಕ್ಸ್ ತುಂಬಲು ನೋಡಿದ್ದು ಪ್ಲಾಸ್ಟಿಕ್ ಮತ್ತು ಕಾಗದದಿಂದ. ಪೆಟ್ಟಿಗೆಯಲ್ಲಿ ಟಿವಿ ಗಾಜಿಗೆ ಅಂಟಿಸುವ ಬಣ್ಣದ ಹಾಳೆಗಳು, ದಾಳಗಳು, ಇಸ್ಪೀಟಿನಂಥ ಕಾರ್ಡುಗಳು, ಆಟದ ನೋಟುಗಳು ಇದ್ದವು. 'ಸ್ಕೀ' ಆಟದಲ್ಲಿ ಹಾಳೆಯ ಮೇಲೆ ಹಿಮದ ದಾರಿ ಅಚ್ಚಾಗಿರುತ್ತದೆ. ಆಟಗಾರ ಗುಂಡಿ ತಿರುಗಿಸುತ್ತಾ ತನ್ನ ಚುಕ್ಕೆಯನ್ನು ಅದರ ಜಾಡಿನಲ್ಲೇ ಇಳಿಸಬೇಕು. ಚುಕ್ಕೆ ದಾರಿ ತಪ್ಪಿದರೂ ಯಂತ್ರಕ್ಕೆ ಅದರ ಪರಿವೆಯಿಲ್ಲ. ಚುಕ್ಕೆಗಳು ಒಂದಕ್ಕೊಂದು ತಾಗಿದ್ದು ಅದಕ್ಕೆ ತಿಳಿಯುತ್ತದೆಯೇ ಹೊರತು ಹಾಳೆಯ ಮೇಲಿನ ಚಿತ್ರವಲ್ಲ. ನಿಯಮ ಪಾಲಿಸುವುದು, ಅಂಕ ಬರೆದುಕೊಳ್ಳುವುದು ಎಲ್ಲವೂ ಆಡುವವರ ಪಾಲಿಗೇ ಬಿಟ್ಟದ್ದು. ಇಂಥ ಆಟಗಳಲ್ಲಿ ಒಡಿಸ್ಸೆ ಹಳೆಯ ಬೋರ್ಡ್ ಗೇಮ್‌ಗೆ ಬೆಳಕು ಒದಗಿಸಿತೇ ವಿನಾ ಹೊಸ ಆಟವನ್ನಲ್ಲ.

ಟೆನಿಸ್ ಇದಕ್ಕೆ ಅಪವಾದ. ಹಾಳೆ ತೆಗೆದಿಟ್ಟರೂ ಆಟ ಕೆಡುವುದಿಲ್ಲ, ಏಕೆಂದರೆ ಚೆಂಡನ್ನು, ಅಂದರೆ ಮೂರನೆಯ ಚುಕ್ಕೆಯನ್ನು, ಓಡಿಸುವುದು, ಹಿಂದಿರುಗಿಸುವುದು ಯಂತ್ರದ್ದೇ ಕೆಲಸ. ಪ್ರತಿ ಕಂಟ್ರೋಲರ್‌ನಲ್ಲಿದ್ದ ಮೂರನೆಯ ಗುಂಡಿಯಿಂದ ಚೆಂಡಿನ ಹಾದಿಯನ್ನು ನಡುವೆಯೇ ಬಾಗಿಸಬಹುದಿತ್ತು. 1972ರ ಮೇ ತಿಂಗಳಲ್ಲಿ ಈ ಆಟವನ್ನು ನೋಡಿದ್ದ ನೋಲನ್ ಬುಶ್ನೆಲ್ ಅವರ ಅಟಾರಿ ಕಂಪನಿ ಅದೇ ವರ್ಷ 'ಪಾಂಗ್' ಹೊರತಂದಿತು. ಒಡಿಸ್ಸೆಯಲ್ಲಿಲ್ಲದ ಸದ್ದು, ತೆರೆಯ ಮೇಲಿನ ಅಂಕ ಎರಡೂ ಪಾಂಗ್‌ನಲ್ಲಿದ್ದವು. ಮ್ಯಾಗ್ನವಾಕ್ಸ್ ಪೇಟೆಂಟ್ ಮೊಕದ್ದಮೆ ಹೂಡಿತು; 1976ರಲ್ಲಿ ಅಟಾರಿ ರಾಜಿಯಾಗಿ ಲೈಸೆನ್ಸ್ ಪಡೆಯಿತು.

ಸುಮಾರು 100 ಡಾಲರ್ ಬೆಲೆಯ ಒಡಿಸ್ಸೆ ಮೂರೂವರೆ ಲಕ್ಷದಷ್ಟು ಮಾರಾಟವಾಯಿತು. ಮ್ಯಾಗ್ನವಾಕ್ಸ್ ಅಂಗಡಿಗಳಲ್ಲೇ ಮಾರಿದ್ದರಿಂದ, ಅದೇ ಕಂಪನಿಯ ಟಿವಿ ಇದ್ದರೆ ಮಾತ್ರ ಇದು ನಡೆಯುತ್ತದೆಂಬ ತಪ್ಪು ತಿಳಿವಳಿಕೆ ಹಬ್ಬಿ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಹಾಳೆ, ದಾಳಗಳ ಆಟಗಳನ್ನು ಮುಂದಿನ ಯಂತ್ರಗಳು ಹೆಚ್ಚಾಗಿ ಕೈಬಿಟ್ಟವು. ಉಳಿದು ಬೆಳೆದದ್ದು ರಷ್ ಸೂಚಿಸಿದ ಆ ಮೂರನೆಯ ಚುಕ್ಕೆ.