ಬುತ್ತಿಯೊಳಗೆ ಏನಿತ್ತು?

ಓದಲು ಊರು ಬಿಟ್ಟ ಹುಡುಗನಿಗೆ ಹಳ್ಳಿಯಿಂದ ಕೆಂಪು ಬಸ್ಸಿನಲ್ಲಿ ಬರುತ್ತಿದ್ದ ರೊಟ್ಟಿ ಬುತ್ತಿಯ ಬಗ್ಗೆ ನಮ್ಮ ಕಡೆಯವರು ಬರೆದದ್ದಕ್ಕೆ ಲೆಕ್ಕವಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ಅವ್ವ, ಗಂಟನ್ನು ಡ್ರೈವರ್ ಪಕ್ಕ ಇಟ್ಟು ‘ನಮ್ಮ ಹುಡುಗ ಸ್ಟ್ಯಾಂಡಿಗೆ ಬರ್ತಾನ್ರೀ’ ಎನ್ನುವ ಅಪ್ಪ, ಗಂಟು ಬಿಚ್ಚಿದ ಕೂಡಲೇ ಮುಗಿಬೀಳುವ ರೂಮಿನ ಗೆಳೆಯರು. ಈ ಮೂರು ಚಿತ್ರಗಳಿಲ್ಲದ ಕಾಲೇಜು ನೆನಪು ಅಪರೂಪ. ಓದಿದಾಗ ನನ್ನ ಕಣ್ಣೂ ಒದ್ದೆಯಾಗುತ್ತದೆ. ಆದರೆ ಅಷ್ಟೂ ಬರಹಗಳಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಸೋತಿದ್ದೇನೆ. ಆ ಗಂಟಿನೊಳಗೆ ಏನಿತ್ತು? ಹದಿನೆಂಟರ ಹರೆಯದ ಮೈಗೆ ಅದು ಸಾಲುತ್ತಿತ್ತೇ?

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಯ ಆಹಾರವಾಗಿ ಬುತ್ತಿಯನ್ನು ಮೀರಿಸುವಂಥದ್ದು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಅದಕ್ಕೆ ಸಿಕ್ಕ ಹೆಸರು ಅಡುಗೆಯದಲ್ಲ, ಅಂತಃಕರಣದ್ದು. ಆ ಹೊಗಳಿಕೆಯ ಅಡಿಯಲ್ಲಿ ಬುತ್ತಿಯ ಒಂದು ದೊಡ್ಡ ಕೊರತೆ ಯಾರ ಕಣ್ಣಿಗೂ ಬೀಳದೆ ಉಳಿದಿದೆ.

ಘಟಪ್ರಭೆಯಲ್ಲಿ ನಿಂತು ಈ ಮಾತು ಆಡುವುದಕ್ಕೆ ಕಾರಣವಿದೆ. 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ ತರುಣರಿಗೆ ಕವಾಯತು, ಶಿಸ್ತು ಕಲಿಸಿದ ಡಾ. ನಾ.ಸು. ಹರ್ಡೀಕರ ಅವರ ನಂಟು ಇದ್ದ ಆರೋಗ್ಯ ಧಾಮದ ಊರಿದು. ಇಂದೂ ನಸುಕಿನಲ್ಲಿ ಕಾಲುವೆ ದಂಡೆಗೆ ಹೋದರೆ ಓಡುವ ಹುಡುಗರು ಕಾಣುತ್ತಾರೆ. ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡು ಡಿಗ್ರಿ ಓದುತ್ತಲೇ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಾಗುವವರು. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಟ್ಟಬೇಕು. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ಓಟ ಮುಗಿಸಿ ಅವರು ನಿಲ್ಲುವುದು ಚಹಾದಂಗಡಿ ಮುಂದೆ. ಒಂದು ಕಪ್ ಚಹಾ, ಎರಡು ಮಿರ್ಚಿ, ಕೈಯಲ್ಲಿ ಚುರುಮುರಿ ಪೊಟ್ಟಣ. ರೂಮಿನ ಗೂಟಕ್ಕೆ ತೂಗುಹಾಕಿದ ಬುತ್ತಿ ಗಂಟಿನಲ್ಲಿ ಇದಕ್ಕಿಂತ ಮಿಗಿಲಾದದ್ದು ಇದೆಯೆಂದು ಅವರಿಗೆ ಹೇಳಿದವರಿಲ್ಲ.

ಗಂಟು ಬಿಚ್ಚೋಣ. ಮೇಲೆ ಖಡಕ್ ರೊಟ್ಟಿ, ನಡುವೆ ಡಬ್ಬಿಯಲ್ಲಿ ಒಂದೆರಡು ದಿನದ ಪಲ್ಯ, ಕೆಳಗೆ ಉಪ್ಪಿನಕಾಯಿ, ಪಕ್ಕದಲ್ಲಿ ಹಿಂಡಿಯ ಪೊಟ್ಟಣಗಳು: ಸೇಂಗಾ, ಗುರೆಳ್ಳು, ಅಗಸಿ, ಒಮ್ಮೊಮ್ಮೆ ಪುಟಾಣಿ. ರೊಟ್ಟಿಯ ಬಗ್ಗೆ ಸಾಕಷ್ಟು ಹಾಡಿದ್ದೇವೆ. ನಾನು ನಿಲ್ಲುವುದು ಹಿಂಡಿಯ ಹತ್ತಿರ, ಬುತ್ತಿಯ ಜಾಣತನವೆಲ್ಲ ಇರುವುದು ಅಲ್ಲೇ.

ಸೇಂಗಾ ಹಿಂಡಿಯನ್ನೇ ನೋಡಿ. ಕಾಳನ್ನು ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಹುರಿಯಬೇಕು. ಸಿಪ್ಪೆ ಚಟಪಟ ಅಂದು ಬಿಡತೊಡಗಿದಾಗ ಇಳಿಸಿ, ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಬೇಕು. ಒಳಕಲ್ಲಿನಲ್ಲಿ ಬಳ್ಳೊಳ್ಳಿ, ಜೀರಿಗೆ, ಉಪ್ಪು, ಒಣಖಾರ, ಚೂರು ಬೆಲ್ಲದ ಜೊತೆ ಕುಟ್ಟಬೇಕು. ಕುಟ್ಟುವಾಗ ಕಾಳು ಎಣ್ಣೆ ಬಿಡುತ್ತದೆ, ಪುಡಿ ಮುದ್ದೆಗೆ ತಿರುಗುವ ಹೊತ್ತಿಗೆ ಕೈ ನಿಲ್ಲಿಸಬೇಕು. ಇಡೀ ಕೆಲಸದಲ್ಲಿ ಒಂದು ಹನಿ ನೀರು ಸೇರುವುದಿಲ್ಲ. ಪಲ್ಯ ಎರಡನೇ ದಿನಕ್ಕೆ ಹಳಸುತ್ತದೆ, ಹಿಂಡಿ ವಾರಗಟ್ಟಲೆ ಬಾಳುತ್ತದೆ. ಫ್ರಿಜ್ಜಿಲ್ಲದ, ಒಲೆ ಇಲ್ಲದ, ಹತ್ತು ಅಡಿ ರೂಮಿಗೆ ಇದಕ್ಕಿಂತ ಹೊಂದುವ ಅಡುಗೆ ಯಾವುದಿದೆ?

ಅಗಸಿಯಲ್ಲಿ ಈ ಜಾಣತನ ಇನ್ನೂ ಸೂಕ್ಷ್ಮ. ಇಡೀ ಅಗಸಿಕಾಳು ನುಂಗಿದರೆ ಬಹುಪಾಲು ಹಾಗೇ ಹೊರಬೀಳುತ್ತದೆ, ಅದರ ಗಟ್ಟಿ ಸಿಪ್ಪೆಯನ್ನು ಹೊಟ್ಟೆ ಒಡೆಯಲಾರದು. ಹುರಿದು ಕುಟ್ಟಿದಾಗಲೇ ಒಳಗಿನ ಒಮೆಗಾ-3 ಕೊಬ್ಬು ಮೈಗೆ ಸಿಗುವುದು. ಈಗ ಪೇಟೆಯಲ್ಲಿ ಇದೇ ಕಾಳನ್ನು ಹೊಸ ಹೆಸರಿಟ್ಟು, ಚಂದದ ಡಬ್ಬಿಗೆ ತುಂಬಿ ಮಾರುತ್ತಾರೆ. ನಮ್ಮ ಅವ್ವಂದಿರು ಹೆಸರು ಕಟ್ಟದೆ ಅದನ್ನು ಕುಟ್ಟಿ ಕಳಿಸುತ್ತಿದ್ದರು.

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕವಿಲ್ಲದ ಪ್ರೀತಿ ಹುಡುಗನ ಮೈಗೆ ಹತ್ತುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಳತೆಯಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವ ಹುಡುಗನಿಗೆ ಸುಮಾರು 50 ಗ್ರಾಂ. ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಹಿಡಿದರೆ ಆರು ರೊಟ್ಟಿಗೆ 300 ಗ್ರಾಂ. ಜೋಳದಲ್ಲಿ ನೂರಕ್ಕೆ ಸುಮಾರು 10 ಗ್ರಾಂ ಪ್ರೋಟೀನ್ ಇರುತ್ತದೆ, ಅಲ್ಲಿಗೆ 30 ಆಯಿತು. ಸೇಂಗಾದಲ್ಲಿ ನೂರಕ್ಕೆ ಸುಮಾರು 24, ಮೂರು ಚಮಚ ಹಿಂಡಿಯಿಂದ 7 ಬಂತು. ಒಟ್ಟು 37. ರೊಟ್ಟಿ, ಹಿಂಡಿ ಎರಡನ್ನೇ ತಿಂದವನಿಗೆ 13 ಗ್ರಾಂ ಕಡಿಮೆ ಬಿತ್ತು. ದಿನಾ ಓಡುವವನಿಗೆ ಬೇಕಾದದ್ದು ಇದಕ್ಕೂ ಹೆಚ್ಚು.

ಆದರೆ ನಾನು ಹೇಳಿದ ಕೊರತೆ ಈ 13 ಗ್ರಾಂ ಅಲ್ಲ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಹಲವು ಮಣಿಗಳ ಸರ. ಅದರಲ್ಲಿ ಲೈಸಿನ್ ಎಂಬ ಮಣಿ ಜೋಳದಲ್ಲಿ ತೀರಾ ಕಡಿಮೆ. ಸೇಂಗಾದಲ್ಲಿಯೂ ಅದು ಸಾಕಷ್ಟಿಲ್ಲ. ರೊಟ್ಟಿಗೆ ಸೇಂಗಾ ಹಿಂಡಿ ಹಚ್ಚಿದರೆ ಒಂದರ ಕೊರತೆಯನ್ನು ಇನ್ನೊಂದು ಪೂರ್ತಿ ತುಂಬುವುದಿಲ್ಲ. ಜೊತೆಗೆ, ಬೇಯಿಸಿದ ಜೋಳದ ಪ್ರೋಟೀನ್ ಮೈಗೆ ಹತ್ತುವುದು ಅಕ್ಕಿ, ಗೋಧಿಗಿಂತ ಕಷ್ಟ. ಈ ಕೊರತೆಯನ್ನು ತುಂಬುವುದು ಕಾಳು: ಮಡಕಿ, ಹೆಸರು, ಅಲಸಂದಿ, ಕಡಲಿ. ಮನೆಯ ಊಟದಲ್ಲಿ ರೊಟ್ಟಿಯ ಪಕ್ಕ ಕಾಳುಪಲ್ಯ ತಪ್ಪುತ್ತಿರಲಿಲ್ಲ. ಬುತ್ತಿಯಲ್ಲಿ ಮೊದಲು ಹಳಸುವುದು, ಮೊದಲು ಮುಗಿಯುವುದು ಅದೇ. ಮನೆಯ ತಾಟಿನಲ್ಲಿ ಪೂರ್ತಿಯಿದ್ದ ಊಟ ಬಸ್ಸು ಹತ್ತುವಾಗ ಅರ್ಧವಾಗುತ್ತಿತ್ತು. ಉಳಿದ ನಾಲ್ಕೈದು ದಿನ ಹುಡುಗ ರೊಟ್ಟಿ, ಹಿಂಡಿ, ಉಪ್ಪಿನಕಾಯಿಯ ಮೇಲೆ ದಿನ ನೂಕುತ್ತಿದ್ದ. ನೆನಪಿನ ಬರಹಗಳು ಆ ದಿನಗಳ ಹತ್ತಿರ ಹೋಗುವುದಿಲ್ಲ, ಗಂಟು ಬಿಚ್ಚಿದ ಮೊದಲ ಸಂಜೆಗೇ ನಿಂತುಬಿಡುತ್ತವೆ.

ನೆನಪಿನ ಬರಹಗಾರರ ಮೇಲೆ ನನ್ನ ದೂರು ಇದೇ. ಬಡತನವನ್ನು ಅವರು ಬಣ್ಣಿಸಿದ್ದು ಸುಳ್ಳಲ್ಲ. ಆದರೆ ಬುತ್ತಿ ಅವರಿಗೆ ಬರೀ ಒಂದು ಗುರುತು, ಅವ್ವನ ಪ್ರೀತಿಯ ಗುರುತು. ಒಳಗಿನ ಅಗಸಿ ಯಾಕೆ ಪುಡಿಯಾಗಿತ್ತು, ಯಾಕೆ ಇಡಿಯಾಗಿರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಅವ್ವನ ಕಣ್ಣೀರನ್ನು ಅಷ್ಟು ಚೆನ್ನಾಗಿ ಕಂಡವರು ಅವಳ ತಿಳಿವಳಿಕೆಯನ್ನು ಕಾಣದೇ ಹೋದರು. ಇದು ಅವಳಿಗೆ ಮಾಡಿದ ಅನ್ಯಾಯ. ಅವಳು ಪ್ರೀತಿಸಿದ್ದಷ್ಟೇ ಅಲ್ಲ, ಯೋಚಿಸಿಯೂ ಇದ್ದಳು. ಯಾವುದು ಎಷ್ಟು ದಿನ ಬಾಳುತ್ತದೆ, ಯಾವುದು ಬಸ್ಸಿನ ಸೆಕೆಗೆ ತಡೆಯುತ್ತದೆ, ಯಾವುದು ಕೈಯಿಂದ ಮುರಿದು ತಿನ್ನಲು ಬರುತ್ತದೆ ಎಂಬ ಲೆಕ್ಕವೆಲ್ಲ ಅವಳ ತಲೆಯಲ್ಲಿತ್ತು.

ಇನ್ನೊಂದು ಬಣ ಗರಡಿಯ ಹಿರಿಯರದು. ದಂಡ ಹೊಡೆಯಿರಿ, ಬಸ್ಕಿ ಹಾಕಿರಿ, ಹಾಲು ಬಾದಾಮಿ ತುಪ್ಪದ ಖುರಾಕು ತಿನ್ನಿರಿ, ಗೋಕಾಕದ ಕರದಂಟು ತಿನ್ನಿರಿ ಎನ್ನುತ್ತಾರೆ. ದಂಡ, ಬಸ್ಕಿಯ ಬಗ್ಗೆ ನನ್ನ ತಕರಾರಿಲ್ಲ. ಸಾಮಾನು ಬೇಡ, ಫೀ ಬೇಡ, ಒಂದು ಚಾಪೆಯಷ್ಟು ಜಾಗ ಸಾಕು. ಓಡುವ ಹುಡುಗನ ತೊಡೆಗೆ ಬಸ್ಕಿಯಷ್ಟು ಒಳ್ಳೆಯದು ಕಡಿಮೆ. ತಕರಾರಿರುವುದು ಕರದಂಟಿನ ಶಕ್ತಿಯ ಕೀರ್ತಿಯ ಬಗ್ಗೆ. ಕರಿದ ಅಂಟು ಎಂಬ ಅರ್ಥ ಹೆಸರಿನಲ್ಲೇ ಇದೆ. ತುಪ್ಪದಲ್ಲಿ ಕರಿದಾಗ ಅರಳುವ ಆ ಅಂಟು ಬಹುಮಟ್ಟಿಗೆ ನಾರು, ಅದರಿಂದ ಸ್ನಾಯು ಬೆಳೆಯುವುದಿಲ್ಲ. ತುಣುಕಿನಲ್ಲಿರುವ ಶಕ್ತಿಯ ಹೆಚ್ಚಿನ ಪಾಲು ಬೆಲ್ಲ, ತುಪ್ಪ, ಕೊಬ್ಬರಿಯದು. ಬಾಣಂತಿಗೆ, ದಿನಕ್ಕೆ ಸಾವಿರ ಬಸ್ಕಿ ಹೊಡೆಯುವ ಪೈಲ್ವಾನನಿಗೆ ಅದು ಬೇಕು. ದಿನಕ್ಕೆ ಎಂಟು ತಾಸು ಕುಳಿತು ಓದುವವನಿಗೆ ಅದು ಹಬ್ಬದ ಸಿಹಿ, ಹಾಗೇ ಇರಲಿ. ಗೋಕಾಕದ ಹೆಮ್ಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಊರಿಗೆ ಬಂದ ಬರಹಗಾರರು ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು, ಇದೇ ಈ ನೆಲದ ಶಕ್ತಿ ಎಂದು ಬರೆದು ಹೋಗುತ್ತಾರೆ. ಈ ನೆಲದ ಶಕ್ತಿ ಪಕ್ಕದ ಕಿರಾಣಿ ಅಂಗಡಿಯ ಮಡಕಿ ಕಾಳಿನ ಚೀಲದಲ್ಲಿತ್ತು.

ಮೂರನೆಯ ಬಣ ಪೌಡರ್ ಡಬ್ಬಿಯವರದು. ಮನೆಯಿಂದ ಬಂದ ತಿಂಗಳ ಖರ್ಚಿನ ದೊಡ್ಡ ಪಾಲನ್ನು ಒಂದು ಡಬ್ಬಿಗೆ ಸುರಿದ ಹುಡುಗರನ್ನು ಕಂಡಿದ್ದೇನೆ. ಡಬ್ಬಿ ತಂದ ಮೇಲೆ ಮೆಸ್ಸಿನ ಊಟ ಒಂದು ಹೊತ್ತಿಗೆ ಇಳಿಯುತ್ತದೆ. 2024ರಲ್ಲಿ ಹೊರಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ, ಮೈ ಕಟ್ಟಲೆಂದು ಪ್ರೋಟೀನ್ ಪೌಡರ್ ತಿನ್ನಬೇಡಿರಿ ಎಂದೇ ಹೇಳಿದೆ. ಆದರೂ ಈ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಬುತ್ತಿಯಲ್ಲಿ ಏನೋ ಕಡಿಮೆ ಬೀಳುತ್ತಿದೆ ಎಂದು ಅವರಿಗೆ ಮೈಯಿಂದಲೇ ಗೊತ್ತಾಗಿತ್ತು. ಏನು ಕಡಿಮೆ ಎಂದು ನಾವು ಹೇಳಲಿಲ್ಲ, ಅಂಗಡಿಯವನು ಹೇಳಿದ.

ಬುತ್ತಿಯ ಪರವಾಗಿ ವಾದಿಸುವವನು ಅದರ ಬೆಲೆಯನ್ನೂ ಹೇಳಬೇಕು. ವಾರಕ್ಕೆ ನಲವತ್ತು ರೊಟ್ಟಿ ಬಡಿಯುವುದೆಂದರೆ ಒಂದು ಹೆಣ್ಣಿನ ರಟ್ಟೆ, ಸೊಂಟ, ನಿದ್ದೆ. ಹೊಲದ ಕೆಲಸ ಅದರ ಮೇಲೆ ಬೇರೆ. ಇನ್ನೂ ಒಂದು ಮಾತು: ನೆನಪಿನ ಬರಹಗಳಲ್ಲಿ ಬುತ್ತಿ ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ರೂಮು ಮಾಡಿಕೊಂಡ ಹೆಣ್ಣುಮಗಳು ತಾನೇ ಅಡುಗೆ ಮಾಡಿಕೊಂಡಾಳು ಎಂಬ ನಂಬಿಕೆ ಗಟ್ಟಿಯಾಗಿದೆ. ರಕ್ತಹೀನತೆ ಹೆಚ್ಚಾಗಿ ಕಾಡುವುದು ಅವಳನ್ನು, ಕಬ್ಬಿಣದ ಅಂಶವಿರುವ ಗುರೆಳ್ಳ ಹಿಂಡಿಯೂ ಕಾಳೂ ಮೊದಲು ತಲುಪಬೇಕಾದದ್ದು ಅವಳಿಗೆ. ಕಬ್ಬು ಹಬ್ಬಿದ ಈ ನೀರಾವರಿ ಸೀಮೆಯಲ್ಲಿ ಮನೆಯ ಹೊಲದ ಜೋಳ, ಅದರ ನಡುವಿನ ಅಕ್ಕಡಿ ಸಾಲಿನ ಕಾಳು ಎರಡೂ ಹಿಂದೆ ಸರಿದಿವೆ ಎಂಬುದನ್ನೂ ಮರೆಯಬಾರದು. ಕಾಳು ಹೊಲದಿಂದ ಹೋದದ್ದಕ್ಕೂ ಬುತ್ತಿಯಲ್ಲಿ ಸಿಗದೇ ಇರುವುದಕ್ಕೂ ನಂಟಿದೆ.

ಹಾಗಾದರೆ ಕೊರತೆ ತುಂಬುವುದು ಹೇಗೆ? ಒಲೆಯೂ ಬೇಡ. ರಾತ್ರಿ ಮಲಗುವ ಮುಂಚೆ ಒಂದು ದೊಡ್ಡ ಹಿಡಿ, ಅಂದರೆ 50 ಗ್ರಾಂನಷ್ಟು ಮಡಕಿ ಕಾಳು ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು, ಹಸಿ ಬಟ್ಟೆಯಲ್ಲಿ ಕಟ್ಟಿ ಕಿಟಕಿಗೆ ತೂಗಬೇಕು, ನಡುನಡುವೆ ನೀರು ಚಿಮುಕಿಸಬೇಕು. ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಚೆನ್ನಾಗಿ ತೊಳೆದು ಹಸಿ ಉಳ್ಳಾಗಡ್ಡಿ, ಲಿಂಬಿಹುಳಿ ಸೇರಿಸಿದರೆ 10 ಗ್ರಾಂ ಪ್ರೋಟೀನ್, ಬೇಕಾದ ಲೈಸಿನ್ ಸಿಗುತ್ತದೆ. ಹುಳಿಯ ಸಿ ಜೀವಸತ್ವ ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಒಂದು ಬಟ್ಟಲು ಮೊಸರಿನಿಂದ ಇನ್ನು 3. ಮೂವತ್ತು, ಏಳು, ಹತ್ತು, ಮೂರು ಕೂಡಿಸಿದರೆ ಐವತ್ತು. ದಿನಾ ಓಡುವವನು ಕಾಳು ಒಂದೂವರೆ ಹಿಡಿ ಮಾಡಲಿ, ತಿನ್ನುವವನಾದರೆ ಎರಡು ತತ್ತಿ ಸೇರಿಸಲಿ. ನೆನೆಹಾಕಲು ಬೇಸರವಾದವನಿಗೆ ಪುಟಾಣಿ ಹಿಂಡಿ ಇದೆ. ಕಡಲೆಯಿಂದಾದ ಪುಟಾಣಿ ಲೈಸಿನ್ನೂ ಕೊಡುತ್ತದೆ, ಬಸ್ಸಿನ ಸೆಕೆಗೂ ತಡೆಯುತ್ತದೆ. ನಾಲ್ಕು ಹಿಂಡಿಗಳಲ್ಲಿ ಕೀರ್ತಿ ಕಡಿಮೆಯಿದ್ದ ಹಿಂಡಿಯೇ ಹೆಚ್ಚು ಕೆಲಸದ್ದಾಗಿತ್ತು.

ಓಟ ಮುಗಿಸಿ ಬಂದವನು ತಾಟಿನಲ್ಲಿ ರೊಟ್ಟಿ ಮುರಿದು ಹಾಕಿ, ಮೊಸರು ಸುರಿದು, ಎರಡು ಚಮಚ ಹಿಂಡಿ ಕಲಸಿ, ಮೇಲೆ ಮೊಳಕೆ ಕಾಳು ಉದುರಿಸಿಕೊಂಡು ಉಣ್ಣಲಿ. ಮೊಸರಿನಲ್ಲಿ ರೊಟ್ಟಿ ಮೆತ್ತಗಾಗುವಷ್ಟರಲ್ಲಿ ಉಸಿರು ತಹಬಂದಿಗೆ ಬಂದಿರುತ್ತದೆ. ಮಿರ್ಚಿಯಂಗಡಿಯ ಹಾದಿ ಅವನಿಗೆ ಮತ್ತೆ ನೆನಪಾಗಲಾರದು.

ಬುತ್ತಿಯ ಚೀಲ ಸಂಜೆ ಬಸ್ಸಿಗೆ ಖಾಲಿಯಾಗಿ ಹಳ್ಳಿಗೆ ಮರಳುತ್ತದೆ. ಅದರೊಳಗೆ ಒಂದು ಚೀಟಿ ಇಟ್ಟು ಕಳಿಸುವ ಹುಡುಗರು ಮೊದಲೂ ಇದ್ದರು, ಈಗ ಅದೇ ಮಾತು ಫೋನಿನಲ್ಲಿ ಹೋಗುತ್ತದೆ. ಈ ವಾರ ಹೋಗಬೇಕಾದ ಮಾತು ಇಷ್ಟೇ: ‘ಅವ್ವಾ, ರೊಟ್ಟಿ ಹತ್ತು ಕಡಿಮಿ ಬಡಿ, ಉಪ್ಪಿನಕಾಯಿ ಬ್ಯಾಡ. ಒಂದು ಸೇರು ಮಡಕಿ ಕಾಳು ಕಟ್ಟಿ ಕಳಸು. ತಂಗಿಗೂ ಒಂದು ಸೇರು ತೆಗೆದಿಡು.’