ಧಾತು, ಮಾತು ಮತ್ತು ಡಾಕ್ಟರೇಟ್ ಪದವಿ

ಸಂಗೀತ ಸಂಯೋಜನೆಯಲ್ಲಿ ಡಾಕ್ಟರೇಟ್ ಪದವಿಯನ್ನು ಬಯಸಿ ಅರ್ಜಿ ಸಲ್ಲಿಸುವವನು ಯಾವುದನ್ನು ತನ್ನ ಕೃತಿಯೆಂದು ಪರೀಕ್ಷಕರ ಮುಂದಿಡಬೇಕು? ಇದು ಕಚೇರಿಯ ವ್ಯವಹಾರಕ್ಕೆ ಸೇರಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವದಲ್ಲಿ ಇದು ವಿಮರ್ಶೆಯ ಪ್ರಶ್ನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ಬಂದ, ಯಕ್ಷಗಾನದ ಭಾಗವತಿಕೆಯಲ್ಲಿ ಪಳಗಿದ ವಿದ್ಯಾರ್ಥಿಯ ವಿಷಯದಲ್ಲಂತೂ ಇದನ್ನು ಪರಿಶೀಲಿಸದೆ ಮುಂದುವರಿಯುವಂತಿಲ್ಲ.

13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸಾಹಿತ್ಯವನ್ನು ‘ಮಾತು’ ಎಂದೂ ಗೇಯಾಂಶವನ್ನು ‘ಧಾತು’ ಎಂದೂ ಕರೆದು, ಎರಡನ್ನೂ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದಿದ್ದಾನೆ. ಧಾತುವಿನಲ್ಲಿ ಸಮರ್ಥನಾಗಿ ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತಿನಲ್ಲಿ ಸಮರ್ಥನಾಗಿ ಧಾತುವಿನಲ್ಲಿ ಮಂದನಾದವನು ಅಧಮ. ಅನ್ಯರ ಧಾತುವಿಗೆ ಮಾತನ್ನು ಹೊಂದಿಸುವವನು ಕೇವಲ ಕುಟ್ಟಿಕಾರ.

ಈ ಅಳತೆಗೋಲನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಮೂಡುಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ‘ಭರತೇಶವೈಭವ’ವನ್ನು ಹಾಡುಗಬ್ಬವಾದ ಸಾಂಗತ್ಯದಲ್ಲಿ ರಚಿಸಿದನು, ಗ್ರಂಥದಲ್ಲಿ ನಮಗೆ ಉಳಿದಿರುವುದು ಮಾತು ಮಾತ್ರ. ಪಾರ್ತಿಸುಬ್ಬನೇ ಮೊದಲಾದ ಪ್ರಸಂಗಕವಿಗಳು ಪದದ ತಲೆಯ ಮೇಲೆ ರಾಗತಾಳಗಳನ್ನು ಸೂಚಿಸಿದರು, ಆದರೆ ಸ್ವರಗಳನ್ನು ಬರೆಯಲಿಲ್ಲ. ಬಂಟ್ವಾಳದ ಹರಕೆಯ ಬಯಲಾಟದಲ್ಲಾಗಲಿ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದ ಆಟದಲ್ಲಾಗಲಿ, ಸಾಲನ್ನು ಎಲ್ಲಿ ಎತ್ತಬೇಕು, ಎಷ್ಟು ಬಾರಿ ಆವರ್ತಿಸಬೇಕು, ಚೆಂಡೆ ಮದ್ದಳೆಗಳ ಲಯವನ್ನು ವೇಷಧಾರಿಯ ಹೆಜ್ಜೆಗೆ ಹೇಗೆ ಹೊಂದಿಸಬೇಕು ಎಂಬುದನ್ನು ನಿರ್ಣಯಿಸುವವನು ಭಾಗವತ. ಧರ್ಮಸ್ಥಳ ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದ ಕಡತೋಕ ಮಂಜುನಾಥ ಭಾಗವತರನ್ನು ನಾವು ಹಾಡುಗಾರರೆಂದು ಗೌರವಿಸುತ್ತೇವೆ, ಸಂಯೋಜಕರೆನ್ನುವುದಿಲ್ಲ. ಧಾತುವಿಗೇ ಹಿರಿಮೆ ಸಲ್ಲುವುದಾದರೆ ಈ ವಿಂಗಡಣೆ ಸಾಧುವೆ?

ಅರ್ಜಿಯ ಎರಡು ಪದ್ಧತಿಗಳೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಬರೆದ ಸ್ವರಲಿಪಿಯನ್ನೂ ಅದರ ಧ್ವನಿಮುದ್ರಿಕೆಯನ್ನೂ ಕೇಳುತ್ತವೆ. ಬರೆಯದೆ ರಚಿಸುವವನಿಗೆ ಅಲ್ಲಿ ಎಡೆ ಕಡಿಮೆ. ಅಲ್ಲಿಯ ಪರೀಕ್ಷಕರ ನಿರ್ಣಯವೂ ಪ್ರಮಾದಾತೀತವಲ್ಲ. ಸಂಯೋಜಕ ಮಿಲ್ಟನ್ ಬ್ಯಾಬಿಟ್ 1946ರಲ್ಲಿ ಸಲ್ಲಿಸಿದ ಪ್ರಬಂಧವನ್ನು ಪ್ರಿನ್ಸ್‌ಟನ್ ಒಪ್ಪಲಿಲ್ಲ. ಅದೇ ಪ್ರಬಂಧಕ್ಕೆ 1992ರಲ್ಲಿ ಪದವಿಯನ್ನಿತ್ತಿತು. ನಮ್ಮಲ್ಲಿ 2022ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಾವಳಿಯಂತೆ ಪ್ರವೇಶ ಪರೀಕ್ಷೆ ನಡೆಯುವಲ್ಲಿ ಅದರ ಅರ್ಧಭಾಗ ಸಂಶೋಧನಾ ವಿಧಾನಕ್ಕೆ ಮೀಸಲು. ಕೊನೆಗೆ ಸಲ್ಲಬೇಕಾದುದು ಪ್ರಬಂಧ. ಆದಕಾರಣ ರಚಿಸಬಲ್ಲವನೂ ಅನ್ಯರ ರಚನೆಯನ್ನು ಕುರಿತು ಬರೆಯುವ ದಾರಿಯನ್ನೇ ಹಿಡಿಯುತ್ತಾನೆ.

ಇದಕ್ಕೆ ಒಂದು ಮಾರ್ಗವುಂಟು. ಅರ್ಜಿದಾರನು ಒಂದೇ ಪದವನ್ನು ಮೂರು ರಾತ್ರಿಗಳ ಆಟದಲ್ಲಿ ತಾನು ಹಾಡಿದ ಧ್ವನಿಮುದ್ರಣಗಳನ್ನು ಒಪ್ಪಿಸಲಿ. ಅವುಗಳಲ್ಲಿ ಪರಂಪರೆಯಿಂದ ಬಂದುದೆಷ್ಟು, ಗುರುವಿನಿಂದ ಪಡೆದುದೆಷ್ಟು, ತನ್ನದೆಷ್ಟು ಎಂಬುದನ್ನು ಸ್ವರಸಹಿತವಾಗಿ ವಿವೇಚಿಸಲಿ. ಲಿಪಿಯಲ್ಲಿ ಗಮಕ ನಿಲ್ಲದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಇಲ್ಲಿ ಕೃತಿಯೆಂದರೆ ಧ್ವನಿ, ಲಿಪಿ ಅದರ ಸಾಕ್ಷಿ. ಅಂತಹ ಅರ್ಜಿಯನ್ನು ತೂಗುವ ಮಂಡಲಿಯಲ್ಲಿ ಅನುಭವಿ ಭಾಗವತರೊಬ್ಬರಿರುವುದು ಅವಶ್ಯಕ. ತನ್ನದು ಯಾವುದೆಂದು ಪ್ರಾಮಾಣಿಕವಾಗಿ ಗೆರೆಯೆಳೆದು ತೋರಿಸಬಲ್ಲವನೇ ಈ ಪದವಿಗೆ ಅರ್ಹನು; ಆ ಗೆರೆಯನ್ನು ಗುರುತಿಸಬಲ್ಲವರೇ ಪರೀಕ್ಷಕರಾಗಲು ಅರ್ಹರು.